ತರುಗು

ಆದೋನಿಯ ಯಾರ್ಡಿನಲ್ಲಿ ಹತ್ತಿ ಸುಳ್ಳು ಹೇಳುತ್ತದೆ.
ರಾತ್ರಿ ಯಾರೋ ನೀರು ಚಿಮುಕಿಸಿದ ಚೀಲ
ಬೆಳಿಗ್ಗೆ ಎರಡು ಕಿಲೋ ಹೆಚ್ಚು ತೂಗುತ್ತದೆ.
ಅದಕ್ಕೇ ಸೇಟು ಚೀಲದೊಳಗೆ ಮೊಣಕೈತನಕ ಇಳಿದು,
ಅರಳೆ ಹಿಂಡಿ, ಕೆನ್ನೆಗೊತ್ತಿ,
ತರುಗು ಕೂಗುತ್ತಾನೆ.
ತರುಗು ಅಂದರೆ ಕಳೆಯುವುದು. ತೆಲುಗಿನ ಮಾತು,
ನಮ್ಮ ಕನ್ನಡದ ಬಾಯಲ್ಲೂ ಬಾಡಿಗೆಗಿದೆ.
ಚೀಟಿ ಬರೆಯುವವಳು ನಾನು.
ಹನ್ನೊಂದು ವರ್ಷ ಹತ್ತಿಯ ತೂಕ ಬರೆದೆ,
ನನ್ನದು ಬರೆದಿರಲಿಲ್ಲ.

ಎರಡನೆಯ ಮಗಳು ಮೊಲೆ ಬಿಟ್ಟ ತಿಂಗಳು
ಸಲೋಮಿ ನರ್ಸಮ್ಮ ಕೈಗೊಂದು ಹಾಳೆ ಕೊಟ್ಟಳು:
ಇಪ್ಪತ್ತೊಂದು ಬಿಳಿ, ಏಳು ಕಂದು.
ಜೋಳದ ಡಬ್ಬಿಯಲ್ಲಿಟ್ಟೆ,
ದಿನಾ ರಾತ್ರಿ ಕಾಳಿನೊಳಗೆ ಕೈ ಹಾಕಿ ಹುಡುಕುವೆ,
ಬಳೆ ಸದ್ದಾಗದ ಹಾಗೆ.

ಯುಗಾದಿಗೆ ಹೊಲಿಸಿದ ರವಿಕೆ
ಶ್ರಾವಣಕ್ಕೆ ತೋಳಿನಲ್ಲಿ ಕಚ್ಚಿತು.
ಅತ್ತೆ ಏನೂ ಅನ್ನಲಿಲ್ಲ, ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.
ನೆಗೆಣ್ಣಿ ಅಂದಳು:
"ಗುಳಿಗಿ ಅಕ್ಕಾ, ಗುಳಿಗಿ. ಒಬ್ಬಾಕಿ ನುಂಗಿ ನುಂಗಿ
ಬಾಗಿಲದಾಗ ಹಿಡೀದಂಗ ಆಗ್ಯಾಳ."
ಯಾರು, ಎಂದೆ. ಹೆಸರು ಗೊತ್ತಿಲ್ಲ.
ಎಮ್ಮಿಗನೂರಿನಲ್ಲೂ ಇದ್ದಾಳಂತೆ ಆಕೆ, ಆಲೂರಿನಲ್ಲೂ,
ಎಲ್ಲ ಊರಲ್ಲೂ ಬಾಗಿಲಿಗೆ ಸಿಕ್ಕಿಕೊಂಡು ನಿಂತಿದ್ದಾಳೆ,
ಹೆಸರಿಲ್ಲದೆ.

ಊಟದ ಹೊತ್ತು, ಯಾರ್ಡು ಖಾಲಿ.
ಹತ್ತಿ ಇಳಿದ ಕಾಟಾದ ಮೇಲೆ ನಾನು ಹತ್ತಿದೆ.
ಉರುಕುಂದಮ್ಮ ಕಸಬರಿಗೆ ಗೋಡೆಗಾನಿಸಿ ಮುಳ್ಳು ಓದಿದಳು:
ಐವತ್ತನಾಲ್ಕು ಒಂಬೈನೂರು.
ನರ್ಸಮ್ಮನ ಪುಸ್ತಕದಲ್ಲಿ, ಗುಳಿಗೆ ಶುರುವಾದ ದಿನ,
ಐವತ್ತೆರಡು ಆರುನೂರು.
ಎರಡು ಕಿಲೋ ಮುನ್ನೂರು. ಈಗ ತರುಗು ಕೂಗುವವರು ಯಾರು?

ಕಳೆಯಲೇ ಸೊಂಟದ ಬೀಗದಕೈ ಗೊಂಚಲು?
ಎಣ್ಣೆ ಕುಡಿದ ಜಡೆ? ಮೂವತ್ತೊಂದು ತುಂಬಿದ ವಯಸ್ಸು?
ಕಳೆಯಲೇ ಎರಡನೆಯ ರೊಟ್ಟಿ?
ಮೊದಲೆಲ್ಲ ತಿಂಗಳ ಕೊನೆಗೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು.
ದಿನ ಎಣಿಸುವ ಬಾಯಿಗೆ
ಜಗಿಯಲು ಬಿಡುವಿರಲಿಲ್ಲ.

ಸಲೋಮಿ ಕನ್ನಡಕ ಒರೆಸಿಕೊಂಡು ಅಂದಳು:
"ದೊಡ್ಡ ದವಾಖಾನಿಯೋರು ಬಾಳ ಮಂದಿ ಹೆಂಗಸರ್ನ ತೂಗ್ಯಾರ,
ನುಂಗಿದೋರ್ನ, ನುಂಗಲಾರ್ದೋರ್ನ. ಅಂಥಾ ಫರಕು ಕಂಡಿಲ್ಲ.
ಕೆಲವರಿಗೆ ಮೊದಮೊದಲ ನೀರು ನಿಲ್ತೈತಿ, ಆಮ್ಯಾಕ ಇಳೀತೈತಿ.
ಸೂಜೀದು ಬ್ಯಾರೆ ಮಾತು.
ನಿನ್ನ ಒಂದು ಮೈ ಏನಂತೈತೋ, ನಾ ಹೆಂಗ ಹೇಳ್ಲಿ?
ಸೇರಲಿಲ್ಲಂದ್ರ ಬಾ, ಬ್ಯಾರೆ ನೋಡಣು."
ಗೊತ್ತಿಲ್ಲ ಅನ್ನಬಲ್ಲ ಬಾಯಿ
ಈ ಊರಲ್ಲಿ ಅದೊಂದೇ ಕಂಡಿದ್ದು.

ಮರುದಿನ ನೆರಳು ಹುಡುಕುತ್ತಾ ನನ್ನ ಗಂಡ ತಿಕ್ಕಯ್ಯ ಬಂದ,
ಚೀಲ ಹೊರುವ ಹೆಗಲು, ಬೆನ್ನ ತುಂಬ ಅರಳೆ.
ಹತ್ತು, ಎಂದೆ.
ಮುಂಗಾರಿಗಿಂತ ಮೂರೂವರೆ ಕಿಲೋ ಏರಿದ್ದ.
"ನೀ ಯಾವ ಗುಳಿಗಿ ನುಂಗಿದಿಯಪ್ಪಾ?" ಅಂದಳು ಉರುಕುಂದಮ್ಮ,
ನಕ್ಕು ನಕ್ಕು ಚೀಲದ ಮೇಲೆ ಕೂತಳು,
ಚೀಲ ಹಿಸ್ಸೆಂದಿತು.
ಅವನು ಹೊಟ್ಟೆ ಒಳಗೆಳೆದುಕೊಂಡ. ಮುಳ್ಳು ಅಲುಗಲಿಲ್ಲ.

ಆ ರಾತ್ರಿ ಜೋಳದ ಡಬ್ಬಿ ಕೆಳಗಿಳಿಸಿ ಕೊಟ್ಟವನು ಅವನೇ.
ಏನೂ ಕೇಳಲಿಲ್ಲ. ನನಗೂ ಹೇಳುವುದಿರಲಿಲ್ಲ.

ಕಂದು ಗುಳಿಗೆಯ ವಾರ: ಐವತ್ತನಾಲ್ಕು ಇನ್ನೂರು.
ಅದರ ಮುಂದಿನ ತಿಂಗಳು ಮತ್ತೆ ಐವತ್ತೈದು.
ಹತ್ತಿಚೀಟಿಯ ಬೆನ್ನಿಗೆ ತಾರೀಖು ಹಾಕಿ ಬರೆಯುತ್ತೇನೆ,
ತರುಗಿನ ಮನೆ ಖಾಲಿ.

ಮೊನ್ನೆ ಜಿನ್ನಿನ ಹುಸೇನ್‌ಬೀ
ಕಾಟಾದ ಹತ್ತಿರ ಸುಮ್ಮನೆ ಸುಳಿದಾಡಿದಳು,
ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತಾ.
ಕೊನೆಗೆ, "ನಂದೂ ಬರಿ."
ಏನು ನುಂಗುತ್ತೀ, ಎಂದು ನಾನು ಕೇಳಲಿಲ್ಲ.
ಮಗು ಇತ್ತ ಕೊಡು,
ಚಪ್ಪಲಿ ಬಿಡು, ಅಂದೆ.